ವರ್ಷದ ಓದು, ದಿನದ ವಾಚನ, ನಿಧಾನದ ಅಧ್ಯಯನ: ಸತ್ಯವೇದ ಓದುವ ಕ್ರಮಗಳ ಒಂದು ಹೋಲಿಕೆ

ಸತ್ಯವೇದವನ್ನು ದಿನವೂ ಓದಬೇಕೆಂಬ ವಿಷಯದಲ್ಲಿ ಕ್ರೈಸ್ತರಿಗೆ ಭಿನ್ನಾಭಿಪ್ರಾಯವಿಲ್ಲ. ಹೇಗೆ ಓದಬೇಕೆಂದು ಕೇಳಿದರೆ ಮಾತ್ರ ಒಂದೊಂದು ಸಭೆಯೂ ಒಂದೊಂದು ದಾರಿ ತೋರಿಸುತ್ತದೆ. ನಮ್ಮದು ಶಿವಮೊಗ್ಗದ ಪ್ರೊಟೆಸ್ಟೆಂಟ್ ಕುಟುಂಬ. ಹೊಸನಗರದ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಮಾವನವರ ಮನೆಯವರು ಕಥೋಲಿಕರು. ಹೀಗಾಗಿ ಎರಡೂ ಕಡೆಯ ಓದಿನ ಕ್ರಮಗಳನ್ನು ಹತ್ತಿರದಿಂದ ನೋಡುವುದಕ್ಕೂ ಒಂದಾದ ಮೇಲೊಂದನ್ನು ಅನುಸರಿಸಿ ಪರೀಕ್ಷಿಸುವುದಕ್ಕೂ ನನಗೆ ಅವಕಾಶ ಸಿಕ್ಕಿತು. ಹೋಲಿಸುವಾಗ ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಬೆಳಿಗ್ಗೆ ಓದಿದ ಭಾಗವು ಅದೇ ದಿನದ ಯಾವುದಾದರೂ ಒಂದು ಖಚಿತವಾದ ಕೆಲಸಕ್ಕೆ, ಅಂದರೆ ಕೊಡಬೇಕಾದ ಹಣಕ್ಕೋ ಆಡಬಾರದ ಮಾತಿಗೋ ಹೋಗಿ ವಿಚಾರಿಸಬೇಕಾದ ನೆರೆಯವನಿಗೋ, ತಾಗುತ್ತದೆಯೇ ಇಲ್ಲವೇ ಎಂಬುದು. ಎಷ್ಟು ಅಧ್ಯಾಯ ಮುಗಿಯಿತೆಂಬ ಲೆಕ್ಕ ಅದರ ನಂತರದ್ದು.

ವರ್ಷಕ್ಕೊಮ್ಮೆ ಇಡೀ ಗ್ರಂಥವನ್ನು ಓದಿ ಮುಗಿಸುವ ಕ್ರಮ ನಮ್ಮ ಸಭೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಪ್ರೊಟೆಸ್ಟೆಂಟರ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿರುವುದರಿಂದ ದಿನಕ್ಕೆ ಮೂರು, ಕೆಲವು ದಿನ ನಾಲ್ಕು ಅಧ್ಯಾಯ ಓದಿದರೆ ವರ್ಷಕ್ಕೆ ಸರಿಹೋಗುತ್ತದೆ. ಜನವರಿ ಒಂದರಂದು ಆದಿಕಾಂಡದಿಂದ ಹೊರಟವರು ಆ ತಿಂಗಳ ಕೊನೆಗೆ ಯಾಜಕಕಾಂಡಕ್ಕೆ ಬಂದು ಸೇರುತ್ತಾರೆ. ಅಲ್ಲಿಂದ ಧರ್ಮೋಪದೇಶಕಾಂಡದ ಕೊನೆಯವರೆಗಿನ 97 ಅಧ್ಯಾಯಗಳಲ್ಲಿ ಹೆಚ್ಚುಕಡಿಮೆ ಫೆಬ್ರವರಿಯೆಲ್ಲ ಕಳೆಯುತ್ತದೆ. ಓದು ನಿಲ್ಲಿಸಿದವರನ್ನು ವಿಚಾರಿಸಿದರೆ ಬಹಳ ಮಂದಿ ಈ ತಿಂಗಳನ್ನೇ ಹೇಳುತ್ತಾರೆ. ಸ್ಕಾಟ್ಲೆಂಡಿನ ಡಂಡಿಯ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಚೈನ್ 1842ರಲ್ಲಿ ತಮ್ಮ ಸಭೆಗಾಗಿ ಸಿದ್ಧಪಡಿಸಿದ ಪಟ್ಟಿ ಈ ತೊಡಕನ್ನು ಸ್ವಲ್ಪ ಬಿಡಿಸುತ್ತದೆ: ಅದರಲ್ಲಿ ದಿನಕ್ಕೆ ನಾಲ್ಕು ಭಾಗಗಳಿದ್ದು, ಅವು ಗ್ರಂಥದ ಬೇರೆಬೇರೆ ಕಡೆಯಿಂದ ಬರುವುದರಿಂದ ನಿಯಮಗಳ ಅಧ್ಯಾಯದ ಪಕ್ಕದಲ್ಲಿ ಸುವಾರ್ತೆಯೂ ಇರುತ್ತದೆ. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಬಾರಿ ಮುಗಿಯುತ್ತವೆ.

ಈ ಕ್ರಮದ ಲಾಭ ದೊಡ್ಡದು, ಆದರೆ ಬೇರೆ ಬಗೆಯದು. ಅರಸರ ಕಾಲ ಯಾವುದು, ಸೆರೆಯ ಕಾಲ ಯಾವುದು, ಯಾವ ಪ್ರವಾದಿ ಯಾವ ಅರಸನ ಎದುರಿಗೆ ನಿಂತು ಮಾತಾಡಿದನು ಎಂಬ ಒಟ್ಟು ನಕ್ಷೆ ಹೀಗೆ ಓದದೆ ತಲೆಯಲ್ಲಿ ಕೂರುವುದು ಕಷ್ಟ. ದಿನದ ಕೆಲಸಕ್ಕೆ ತಾಗುವುದರಲ್ಲಿ ಮಾತ್ರ ಇದು ಹಿಂದೆ ಬೀಳುತ್ತದೆ. ಯಾಜಕಕಾಂಡದ 19ನೆಯ ಅಧ್ಯಾಯವನ್ನೇ ನೋಡಿ: ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು, ಕೂಲಿಯವನ ಕೂಲಿಯನ್ನು ಮರುದಿನದ ಬೆಳಿಗ್ಗೆಯವರೆಗೆ ಇಟ್ಟುಕೊಳ್ಳಬಾರದೆಂಬುದು, ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬುದು ಎಲ್ಲವೂ ಅದೊಂದರಲ್ಲೇ ಇವೆ. ವರ್ಷದ ಪಟ್ಟಿಯಲ್ಲಿ ಆ ಅಧ್ಯಾಯ ಇನ್ನೆರಡು ಅಧ್ಯಾಯಗಳ ನಡುವೆ ಸಿಕ್ಕಿ, ಗುರುತು ಹಾಕಿಸಿಕೊಂಡು ಹೊರಟುಹೋಗುತ್ತದೆ.

ಮಾವನವರ ಮನೆಯಲ್ಲಿರುವುದು ಕಥೋಲಿಕ ಸಭೆಯ ದಿನದ ವಾಚನದ ಕ್ರಮ. ಭಾನುವಾರದ ವಾಚನಗಳಿಗೆ ಮೂರು ವರ್ಷಗಳ ಸುತ್ತು ಇದೆ. ಮೊದಲ ವರ್ಷ ಮುಖ್ಯವಾಗಿ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ವಾರದ ಉಳಿದ ದಿನಗಳಲ್ಲಿ, ಸಾಧಾರಣ ಕಾಲದ (ಅಂದರೆ ಕ್ರಿಸ್ಮಸ್, ಈಸ್ಟರ್ ಮತ್ತು ಅವುಗಳ ಸಿದ್ಧತೆಯ ಕಾಲಗಳನ್ನು ಬಿಟ್ಟು ಉಳಿದ ದಿನಗಳ) ಮೊದಲ ವಾಚನಕ್ಕೆ ಎರಡು ವರ್ಷಗಳ ಸುತ್ತು ಇದ್ದು, ಶುಭಸಂದೇಶ, ಅಂದರೆ ಸುವಾರ್ತೆಯ ಭಾಗ, ಪ್ರತಿ ವರ್ಷವೂ ಅದೇ. ಯಾವುದನ್ನು ಓದಲಿ ಎಂದು ತಡಕಾಡಬೇಕಿಲ್ಲ, ಒಂದು ದಿನ ತಪ್ಪಿದರೆ ಬಾಕಿ ಬೆಳೆಯುವುದಿಲ್ಲ, ಇಂದಿನ ವಾಚನ ಇಂದಿನದೇ. ಅಡಿಕೆ ಸುಗ್ಗಿಯಂಥ ಕೆಲಸದ ಒತ್ತಡದ ದಿನಗಳಲ್ಲಿ ಇದರಷ್ಟು ಅನುಕೂಲವಾದ ಕ್ರಮವನ್ನು ನಾನು ಬೇರೆ ಕಾಣೆ. ಜೊತೆಗೆ ಅದೇ ಭಾಗವನ್ನು ಅದೇ ದಿನ ಶಿವಮೊಗ್ಗದ ಪ್ರಧಾನಾಲಯದಲ್ಲಿಯೂ ಊರಿನ ಸಣ್ಣ ಚರ್ಚಿನಲ್ಲಿಯೂ ಓದುತ್ತಾರೆ. ಬಲಿಪೂಜೆಗೆ (ಚರ್ಚಿನ ಮುಖ್ಯ ಆರಾಧನೆಗೆ) ಹೋಗಲಾಗದ ಅತ್ತೆಯವರಿಗೆ ಇದು ದೊಡ್ಡ ಸಮಾಧಾನ.

ಕೊರತೆಯೂ ಇದೆ. ಯಾಜಕಕಾಂಡದ ಆ 19ನೆಯ ಅಧ್ಯಾಯ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ವಾರದ ಸೋಮವಾರ ವಾಚನಕ್ಕೆ ಬರುತ್ತದೆ. ಆದರೆ ಮೊದಲೆರಡು ವಚನಗಳಾದ ಮೇಲೆ ನೇರವಾಗಿ 11ರಿಂದ 18ಕ್ಕೆ ಹೋಗುತ್ತಾರೆ. ಕೂಲಿಯ ಮಾತು ಉಳಿಯುತ್ತದೆ, ಹೊಲದ ಅಂಚಿನ ಮಾತು ಬಿಟ್ಟುಹೋಗುತ್ತದೆ. ಅಂದಿನ ಶುಭಸಂದೇಶವಾಗಿ ಹಸಿದವರಿಗೆ ಉಣಬಡಿಸಿದವರ ಪ್ರಸಂಗವನ್ನು, ಅಂದರೆ ಮತ್ತಾಯನ 25ನೆಯ ಅಧ್ಯಾಯದ ಕೊನೆಯ ಭಾಗವನ್ನು, ಅದರ ಜೊತೆಗೆ ಇಟ್ಟಿರುವುದು ಬಹಳ ಸೊಗಸಾದ ಜೋಡಣೆ ಎಂಬುದನ್ನೂ ಹೇಳಲೇಬೇಕು. ಆದರೂ ಆಯ್ದ ಭಾಗವನ್ನಷ್ಟೇ ಓದುವವರು ಬಿಟ್ಟ ವಚನಗಳನ್ನು ತಾವಾಗಿ ತೆರೆದು ನೋಡುವುದು ಅಪರೂಪ.

ಪ್ರಾರ್ಥನಾಪೂರ್ವಕವಾಗಿ ಒಂದು ಸಣ್ಣ ಭಾಗದಲ್ಲೇ ನಿಲ್ಲುವ ಲೆಕ್ಸಿಯೋ ದಿವಿನಾ ಎಂಬ ಕ್ರಮವನ್ನೂ ಅದೇ ಮನೆಯಲ್ಲಿ ಕಲಿತೆ. ಓದು, ಧ್ಯಾನ, ಪ್ರಾರ್ಥನೆ, ಮೌನದ ದರ್ಶನ ಎಂಬ ನಾಲ್ಕು ಮೆಟ್ಟಿಲುಗಳನ್ನು 12ನೆಯ ಶತಮಾನದ ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗೀಗೋ ವಿವರಿಸಿದ್ದರು. 2010ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಈ ಓದು ಕ್ರಿಯೆಗೆ ಬಂದು ಮುಟ್ಟುವವರೆಗೆ ಪೂರ್ತಿಯಾಗುವುದಿಲ್ಲವೆಂದು ಬರೆದರು. ಜುಲೈ ತಿಂಗಳಲ್ಲಿ, ಕೊಳೆರೋಗಕ್ಕೆ ಬೋರ್ಡೋ ಹೊಡೆಸಲು ಮಳೆ ಬಿಡುವು ಕೊಡುತ್ತದೋ ಇಲ್ಲವೋ ಎಂದು ಮನೆಮಂದಿಯೆಲ್ಲ ಆಕಾಶ ನೋಡುತ್ತಿದ್ದ ದಿನಗಳಲ್ಲಿ, ನಾಳಿನ ಚಿಂತೆಯನ್ನು ಕುರಿತ ಮತ್ತಾಯನ 6ನೆಯ ಅಧ್ಯಾಯದ ಭಾಗವನ್ನು ಈ ಕ್ರಮದಲ್ಲಿ ಓದಿದೆವು. ಮನಸ್ಸು ತಿಳಿಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲ. (ಔಷಧಿ ಹೊಡೆಸಬೇಡಿರಿ ಎಂದು ಆ ಭಾಗ ಹೇಳುವುದಿಲ್ಲವೆಂದು ಮಾವನವರು ಮೊದಲೇ ಸ್ಪಷ್ಟಪಡಿಸಿದ್ದರು.) ಅಪಾಯವೇನೆಂದರೆ, ಮುಂದಿನ ಹಿಂದಿನ ವಚನಗಳ ಹಂಗಿಲ್ಲದೆ ಒಂದೇ ಮಾತಿನಲ್ಲಿ ನಿಂತಾಗ, ಕೇಳಿಸುತ್ತಿರುವುದು ವಾಕ್ಯವೋ ನಮ್ಮದೇ ಬಯಕೆಯೋ ಎಂದು ಪರೀಕ್ಷಿಸುವ ಸಾಧನ ಕೈಯಲ್ಲಿ ಇರುವುದಿಲ್ಲ.

ಕೇಳುವ ಸತ್ಯವೇದದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ರಾತ್ರಿ ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಕಿವಿಗೆ ಬಿಡುವು. ಸಮುವೇಲನ ಪುಸ್ತಕಗಳು, ಅಪೊಸ್ತಲರ ಕೃತ್ಯಗಳಂಥ ಕಥನಗಳು ಆಗ ಚೆನ್ನಾಗಿ ಮನಸ್ಸಿಗೆ ಇಳಿಯುತ್ತವೆ. ನೆಟ್‌ವರ್ಕ್ ಸಿಗದ ಗುಡ್ಡದ ಮನೆಗಳಲ್ಲಿ ಮೊದಲೇ ಇಳಿಸಿಕೊಂಡಿರಬೇಕು, ಅಷ್ಟೇ. ಪೌಲನ ಪತ್ರಿಕೆಗಳು ಮೊದಲು ಸಭೆಗಳಲ್ಲಿ ಗಟ್ಟಿಯಾಗಿ ಓದಿಸಲು ಬರೆದವುಗಳೇ ಆದರೂ, ರೋಮಾಪುರದವರಿಗೆ ಬರೆದ ಪತ್ರಿಕೆಯ ವಾದಸರಣಿಯನ್ನು ಕಿವಿಯೊಂದರಿಂದಲೇ ಹಿಡಿಯಲು ನನಗಂತೂ ಆಗಲಿಲ್ಲ.

ಇನ್ನು ಉಳಿದಿರುವುದು ಒಂದೇ ಪುಸ್ತಕವನ್ನು ತಿಂಗಳುಗಟ್ಟಲೆ ಓದುವ ನಿಧಾನದ ಅಧ್ಯಯನ. ನನ್ನ ಒಲವು ಇದರ ಕಡೆಗಿದೆ. ವಿಧಾನ ಸರಳ: ಮೊದಲು ಪುಸ್ತಕವನ್ನು ಒಂದೇ ಕೂತಲ್ಲಿ ಪೂರ್ತಿ ಓದಬೇಕು, ಆಮೇಲೆ ದಿನಕ್ಕೆ ಹತ್ತು ಹನ್ನೆರಡು ವಚನಗಳನ್ನು ಮಾತ್ರ ತೆಗೆದುಕೊಂಡು, ಇಲ್ಲಿ ಏನು ಹೇಳಿದೆ, ಬರೆದವನು ತನ್ನ ಮೊದಲ ಓದುಗರಿಗೆ ಇದರಿಂದ ಏನು ತಿಳಿಸಬಯಸಿದನು, ಇಂದು ನಾನು ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳಿಗೆ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಬೇಕು. ಆರಂಭಕ್ಕೆ ಯಾಕೋಬನ ಪತ್ರಿಕೆ ಸೂಕ್ತ: ಐದೇ ಅಧ್ಯಾಯ, 108 ವಚನ, ಮತ್ತು ಹೆಚ್ಚಿನವು ನಾಲಿಗೆ, ಹಣ, ಪಕ್ಷಪಾತ ಎಂಬ ದಿನಬಳಕೆಯ ವಿಷಯಗಳನ್ನು ಕುರಿತವು.

ಅದರ 5ನೆಯ ಅಧ್ಯಾಯದ 4ನೆಯ ವಚನದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತಿದೆ ಎಂಬ ಮಾತು ಬರುತ್ತದೆ. ಸಂಬಂಧಪಟ್ಟ ವಾಕ್ಯಗಳನ್ನು ಹುಡುಕಿದಾಗ ಯಾಜಕಕಾಂಡದ ಅದೇ 19ನೆಯ ಅಧ್ಯಾಯದ 13ನೆಯ ವಚನ ಸಿಕ್ಕಿತು. ಅಲ್ಲಿಂದ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ 14 ಮತ್ತು 15ನೆಯ ವಚನಗಳು ಸಿಕ್ಕವು. ಅಲ್ಲಿ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂಬ ಆಜ್ಞೆಯ ಜೊತೆಗೆ ಕಾರಣವೂ ಇದೆ: ಅವನು ಬಡವನು, ಅದರ ಮೇಲೆಯೇ ಆಸೆ ಇಟ್ಟುಕೊಂಡಿರುತ್ತಾನೆ. ವರ್ಷದ ಓದಿನಲ್ಲಿ ಫೆಬ್ರವರಿಯ ಆದಿಗೂ ಅಂತ್ಯಕ್ಕೂ ಡಿಸೆಂಬರಿಗೂ ಹಂಚಿಹೋಗುವ ಈ ಮೂರು ಮಾತುಗಳು ಒಂದೇ ಬೆಳಿಗ್ಗೆ ಒಂದೇ ಪುಟದಲ್ಲಿ ಕೂಡಿದಾಗ, ಮೂರನೆಯ ಪ್ರಶ್ನೆಗೆ ಉತ್ತರ ಬರೆಯುವುದು ಕಷ್ಟವಾಗಲಿಲ್ಲ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಬರುವವರ ಲೆಕ್ಕವನ್ನು ವಾರದ ಕೊನೆಗೆ, ಕೆಲವೊಮ್ಮೆ ಮಂಡಿಯ ಹಣ ಕೈಗೆ ಬಂದ ಮೇಲೆ ಚುಕ್ತಾ ಮಾಡುವುದು ಸುತ್ತಲಿನ ರೂಢಿ. ಆ ವರ್ಷದಿಂದ ಮಾವನವರ ಮನೆಯಲ್ಲಿ ಸುಲಿದ ಅಡಿಕೆಯನ್ನು ಅಳೆದ ಕೂಡಲೇ, ಸುಲಿದವರು ಮನೆಗೆ ಹೊರಡುವ ಮೊದಲೇ, ಅಂದಿನ ಕೂಲಿಯನ್ನು ಎಣಿಸಿ ಕೊಡುತ್ತಾರೆ. ಅದಕ್ಕೆ ಬೇಕಾದ ಚಿಲ್ಲರೆಯನ್ನು ಮುಂಚೆಯೇ ತಂದಿಡುವುದು ನನ್ನ ಪಾಲಿನ ಕೆಲಸ. "ಹೀಗೆ ಮಾಡಬೇಕು" ಎಂಬ ಉಪದೇಶ ಆ ಮನೆಯವರಿಗೆ ಹೊಸದಾಗಿರಲಿಲ್ಲ. ಯಾವತ್ತು, ಯಾರಿಗೆ, ಎಷ್ಟು ಎಂಬುದನ್ನು ಬರೆಯಿಸಿದ್ದು ಮಾತ್ರ ನೋಟ್‌ಬುಕ್ಕು.

ಈ ಕ್ರಮದ ದೊಡ್ಡ ಬಲಹೀನತೆ ಒಂಟಿತನ. ಒಬ್ಬರೇ ಕೂತು ಬರೆದ ಉತ್ತರವನ್ನು ಯಾರೂ ಪ್ರಶ್ನಿಸುವುದಿಲ್ಲ. ಆದ್ದರಿಂದ ಅದನ್ನು ವಾರದ ಮನೆಕೂಟದೊಂದಿಗೆ ಜೋಡಿಸಿದಾಗಲೇ ಪೂರ್ಣ ಫಲ ದೊರೆಯುತ್ತದೆ. ನಮ್ಮ ಕೂಟದಲ್ಲಿ ಯೆರೆಮೀಯನ 29ನೆಯ ಅಧ್ಯಾಯ ಬಂದಾಗ ಇದು ಚೆನ್ನಾಗಿ ಗೊತ್ತಾಯಿತು. ಅದರ 11ನೆಯ ವಚನ ಕ್ಯಾಲೆಂಡರುಗಳ ಮೇಲೆ, ಮದುವೆ ಮನೆಗಳ ಗೋಡೆಗಳ ಮೇಲೆ ಎಲ್ಲೆಡೆ ಕಾಣುವಂಥದ್ದು. ಒಳ್ಳೆಯ ಭವಿಷ್ಯದ ಭರವಸೆ ಎಂದು ಎಲ್ಲರೂ ಬಾಯಿಪಾಠ ಹೇಳಿದರು. ಆದರೆ ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ, ಬಿಡುಗಡೆಗೆ 70 ವರ್ಷ ಕಾಯಬೇಕೆಂದು ಹಿಂದಿನ ವಚನವೇ ಹೇಳುತ್ತದೆ, ಅಲ್ಲಿಯವರೆಗೆ ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿರಿ ಎಂದು 5ರಿಂದ 7ನೆಯ ವಚನಗಳು ಹೇಳುತ್ತವೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಿಂದ ಎದ್ದುಬಂದ ಕುಟುಂಬದ ಹಿರಿಯರೊಬ್ಬರು ಆ ಕೂಟದಲ್ಲಿದ್ದರು. ಹೊಸ ಜಾಗದಲ್ಲಿ ಫಲ ಕೊಡಲು ವರ್ಷಗಟ್ಟಲೆ ಹಿಡಿಯುವ ಅಡಿಕೆ ಸಸಿ ನೆಡಬೇಕೆಂದರೆ ಅಲ್ಲೇ ಉಳಿಯುವುದಕ್ಕೆ ಮನಸ್ಸು ಒಪ್ಪಬೇಕು, ತಮ್ಮ ತಂದೆಗೆ ಅದು ಬಹಳ ಕಾಲ ಒಪ್ಪಲಿಲ್ಲ ಎಂದು ಅವರು ಹೇಳಿದ ಮೇಲೆ, ಯಾವ ವ್ಯಾಖ್ಯಾನದ ಪುಸ್ತಕವೂ ಕೊಡದ ತೂಕ ಆ ವಚನಗಳಿಗೆ ಬಂತು. ಕೂಟದ ದೋಷವೂ ನನಗೆ ಗೊತ್ತು: ಮಾತುಗಾರರಿಬ್ಬರು ಸೇರಿದರೆ ಉಳಿದವರು ಕೇಳುಗರಾಗುತ್ತಾರೆ. ಪ್ರತಿಯೊಬ್ಬರೂ ಬರೆದು ತಂದದ್ದನ್ನು ಮೊದಲು ಓದಬೇಕು, ಚರ್ಚೆ ಆಮೇಲೆ ಎಂಬ ಕಟ್ಟುಪಾಡಿನಿಂದ ಇದು ಬಹುಮಟ್ಟಿಗೆ ಹತೋಟಿಗೆ ಬರುತ್ತದೆ.

ಆದ್ದರಿಂದ ಕೇಳಿದವರಿಗೆ ನಾನು ಕೊಡುವ ಸಲಹೆ ಅವರವರ ಸ್ಥಿತಿಯನ್ನು ನೋಡಿ ಬದಲಾಗುತ್ತದೆ. ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ವರ್ಷದ ಪಟ್ಟಿಯನ್ನು ನಾನು ಹೇಳುವುದಿಲ್ಲ. ಮಾರ್ಕನ 16 ಅಧ್ಯಾಯಗಳನ್ನು ಮೂರು ಪ್ರಶ್ನೆಗಳ ಜೊತೆ ಓದಲಿ. ಸಭೆಯಲ್ಲಿಯೇ ಬೆಳೆದು, ಬಿಡಿ ವಚನಗಳನ್ನಷ್ಟೇ ಬಲ್ಲವರು ಒಂದು ವರ್ಷವಾದರೂ ಮೆಕ್‌ಚೈನರ ಪಟ್ಟಿಯನ್ನು ಹಿಡಿಯಲಿ. ಸುಗ್ಗಿಯ ತಿಂಗಳುಗಳಲ್ಲಿ, ಮಕ್ಕಳ ಪರೀಕ್ಷೆಯ ದಿನಗಳಲ್ಲಿ, ಮನೆಯಲ್ಲಿ ಕಾಯಿಲೆಯವರಿರುವಾಗ ದಿನದ ವಾಚನವೇ ಸಾಕು. ಕಣ್ಣು ಮಂಜಾದವರಿಗೆ ಧ್ವನಿಮುದ್ರಿತ ಸುವಾರ್ತೆಗಳಿವೆ.

ನಮ್ಮ ಮನೆಕೂಟದಲ್ಲಿ ಈ ಸುಗ್ಗಿ ಮುಗಿದ ಮೇಲೆ ಆಮೋಸನ ಪುಸ್ತಕವನ್ನು ತೆಗೆದುಕೊಳ್ಳುವುದೆಂದು ತೀರ್ಮಾನವಾಗಿದೆ. ಒಂಬತ್ತೇ ಅಧ್ಯಾಯ, ಬರೆದವನು ಕುರಿ ಸಾಕುತ್ತ ಅತ್ತಿಮರಗಳನ್ನು ನೋಡಿಕೊಳ್ಳುತ್ತಿದ್ದವನು, 8ನೆಯ ಅಧ್ಯಾಯದಲ್ಲಿ ಅಳತೆಯನ್ನು ಕಿರಿದು ಮಾಡಿ ಮೋಸದ ತಕ್ಕಡಿಯಲ್ಲಿ ತೂಗುವ ವ್ಯಾಪಾರಿಗಳ ಪ್ರಸ್ತಾಪವಿದೆ. ಕೂಟದಲ್ಲಿ ಬೆಳೆ ಮಾರುವವರೂ ಕೊಳ್ಳುವವರೂ ಇರುವುದರಿಂದ ಆ ಅಧ್ಯಾಯಕ್ಕೆ ಎರಡು ವಾರ ಬೇಕಾಗಬಹುದು.