ಸಬ್‌ವರ್ಷನ್ ಬಿಟ್ಟು ಗಿಟ್ ಹಿಡಿದು ಆರು ವರ್ಷ

ಮಂಗಳೂರಿನ ಬಿಜೈಯಲ್ಲಿ ನಮ್ಮದು ಏಳು ಜನರ ಸಣ್ಣ ಆಫೀಸು. ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೋಡ್‌ನಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಅಂತ ದಾಖಲಿಸಿಡುವ ಸಬ್‌ವರ್ಷನ್ ಎಂಬ ಸಾಫ್ಟ್‌ವೇರ್‌ನಲ್ಲಿ 2008ರಿಂದ ನಮ್ಮ ಕೋಡ್ ಎಲ್ಲ ಇತ್ತು. 2019ರಲ್ಲಿ ಅದೇ ಕೆಲಸ ಮಾಡುವ ಗಿಟ್‌ಗೆ ಬಂದೆವು. ಉಡುಪಿ, ಮಣಿಪಾಲದ ಗೆಳೆಯರು "ನಾವೂ ಬದಲಾಯಿಸಬೇಕಾ?" ಅಂತ ಈಗಲೂ ಕೇಳುತ್ತಾರೆ.

ನಮ್ಮನ್ನು ಬದಲಾಯಿಸಿದ್ದು ಮಳೆಗಾಲ. ನಮ್ಮಲ್ಲಿ ಇಬ್ಬರು ಸದಾ ಕಾರ್ಕಳ, ಬೆಳ್ತಂಗಡಿ ಕಡೆ ಸಂಘಗಳಲ್ಲೇ ಕೂತು ಕೆಲಸ ಮಾಡುತ್ತಾರೆ. ಸಬ್‌ವರ್ಷನ್‌ನಲ್ಲಿ ಕಮಿಟ್ ಮಾಡಬೇಕಾದರೆ, ಅಂದರೆ ಬದಲಾವಣೆಯನ್ನು ದಾಖಲಿಸಬೇಕಾದರೆ, ಸರ್ವರ್ ಸಿಗಲೇಬೇಕು. ಜುಲೈಯಲ್ಲಿ ಮರ ಬಿದ್ದು ಅಲ್ಲಿ ನೆಟ್ ಹೋಗುತ್ತಿತ್ತು, ಇಲ್ಲವೇ ಇಲ್ಲಿ ಕರೆಂಟ್ ಹೋಗಿ ಸರ್ವರ್ ನಿಲ್ಲುತ್ತಿತ್ತು. ನಾಲ್ಕು ದಿನದ ಕೆಲಸವನ್ನು ಒಂದೇ ರಾಶಿಯಾಗಿ ತಂದು ಸುರಿಯುವಾಗ ಯಾರ ಬದಲಾವಣೆ ಯಾವುದು ಅಂತ ಬಿಡಿಸುವುದೇ ಒಂದು ದಿನದ ಕೆಲಸ. ಈಗ ಅವರು ಲ್ಯಾಪ್‌ಟಾಪ್‌ನಲ್ಲೇ ಒಂದೊಂದು ಬದಲಾವಣೆಗೂ ಕಮಿಟ್ ಮಾಡಿ, ನೆಟ್ ಬಂದಾಗ ಪುಶ್ ಮಾಡುತ್ತಾರೆ, ಅಂದರೆ ಸರ್ವರ್‌ಗೆ ಕಳಿಸುತ್ತಾರೆ. ಈ ಒಂದು ಕಾರಣ ನಮಗೆ ಸಾಕಿತ್ತು.

ಹಳೆಯ ಇತಿಹಾಸವನ್ನು ಸಬ್‌ವರ್ಷನ್‌ನಿಂದ ಗಿಟ್‌ಗೆ ತರುವ ಗಿಟ್-ಎಸ್‌ವಿಎನ್ ಎಂಬ ಸಾಧನದ ಮೂಲಕ ತಂದೆವು. ಅದಕ್ಕೆ ಮೊದಲು ಹಳೆಯ ಯೂಸರ್ ಹೆಸರುಗಳಿಗೆ ಸರಿಯಾಗಿ ಹೆಸರು, ಇಮೇಲ್ ಪಟ್ಟಿ ಮಾಡಬೇಕು. ಕೆಲಸ ಬಿಟ್ಟು ಹೋದವರದ್ದೂ ಬೇಕು. ಗಿಟ್ ಖಾಲಿ ಫೋಲ್ಡರ್ ಇಟ್ಟುಕೊಳ್ಳುವುದಿಲ್ಲ ಅಂತ ನಮಗೆ ಗೊತ್ತಿರಲಿಲ್ಲ. ಲಾಗ್ ಫೋಲ್ಡರ್ ಇಲ್ಲದೆ ಮೊದಲ ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ನಿಂತುಬಿಟ್ಟಿತು. ಒಳಗೊಂದು ಸಣ್ಣ ಫೈಲ್ ಹಾಕಿದ ಮೇಲೆ ಸರಿಯಾಯಿತು.

ಕಷ್ಟವಾದದ್ದು ಜನರಿಗೆ. ನಮ್ಮ ಹಿರಿಯರೊಬ್ಬರು ಹತ್ತು ವರ್ಷ ಸಬ್‌ವರ್ಷನ್ ಕೆಲಸವನ್ನು ಮೌಸ್‌ನಿಂದಲೇ ಮಾಡಿಸುವ ಟಾರ್ಟಾಯ್ಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಅಭ್ಯಾಸ ಆದವರು. "ಕಮಿಟ್ ಮಾಡಿದೆನಲ್ಲ, ಮತ್ತೆ ಪುಶ್ ಎಂತಕ್ಕೆ ಮಾರಾಯ್ರೆ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಎಲ್ಲರ ಕೈ ಕೂರಲು ಮೂರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಹೊಸ ಹುಡುಗನೊಬ್ಬ ಫೋರ್ಸ್ ಪುಶ್ ಮಾಡಿದ, ಅಂದರೆ ಸರ್ವರ್‌ನಲ್ಲಿದ್ದದ್ದನ್ನು ಬದಿಗೊತ್ತಿ ತನ್ನದನ್ನು ಹೇರಿದ. "ಅಣ್ಣಾ, ನಿನ್ನೆಯದ್ದು ಎಲ್ಲ ಹೋಯ್ತು" ಅಂತ ಬಂದು ನಿಂತಾಗ ಅವನ ಕೈ ನಡುಗುತ್ತಿತ್ತು. ಪಕ್ಕದವರ ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಇತಿಹಾಸ ಇತ್ತು. ಹತ್ತು ನಿಮಿಷದಲ್ಲಿ ಎಲ್ಲ ವಾಪಸ್ ಬಂತು. ಅವತ್ತೇ ಮುಖ್ಯ ಬ್ರಾಂಚ್‌ಗೆ (ಎಲ್ಲರ ಕೆಲಸ ಸೇರುವ ಕೋಡ್‌ನ ಮುಖ್ಯ ಕವಲಿಗೆ) ಫೋರ್ಸ್ ಪುಶ್ ಬಂದ್ ಮಾಡಿದೆವು. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ನನಗೆ ತುಂಬಾ ಇಷ್ಟವಾದದ್ದು, ತಪ್ಪು ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕಿಕೊಡುವ ಗಿಟ್‌ನ ಬೈಸೆಕ್ಟ್. ಒಮ್ಮೆ ಚಿನ್ನದ ಸಾಲದ ಬಡ್ಡಿಯಲ್ಲಿ ಕೆಲವು ಖಾತೆಗೆ ಒಂದು ರೂಪಾಯಿ ಕಡಿಮೆ ಬರುತ್ತಿತ್ತು. ಸರಿ ಇದ್ದ ಹಳೆಯ ಕಮಿಟ್ ಯಾವುದು, ತಪ್ಪು ಇರುವುದು ಯಾವುದು ಅಂತ ಹೇಳಿದರೆ ಸಾಕು, ಬೈಸೆಕ್ಟ್ ಪ್ರತಿ ಸಲ ಮಧ್ಯದ್ದನ್ನು ಎತ್ತಿಕೊಡುತ್ತದೆ. ನಡುವೆ ಸಾವಿರ ಕಮಿಟ್ ಇದ್ದರೂ ಸುಮಾರು 10 ಸಲ ನೋಡಿದರೆ ಆಯಿತು. ದಿನದ ಲೆಕ್ಕ ಮುಗಿಯುವ ಮೊದಲೇ ರೌಂಡ್ ಮಾಡುತ್ತಿದ್ದ ಒಂದು ಸಾಲು ಸಿಕ್ಕಿತು. ಬರೆದವನು ನಾನೇ.

ಒಬ್ಬರು ತಿದ್ದುವಾಗ ಆ ಫೈಲನ್ನು ಬೇರೆಯವರು ತಿದ್ದದಂತೆ ತಡೆಯುವ ಸಬ್‌ವರ್ಷನ್‌ನ ಲಾಕ್ ಮಾತ್ರ ಈಗಲೂ ನೆನಪಾಗುತ್ತದೆ. ರಸೀದಿಯ ಎಕ್ಸೆಲ್ ಟೆಂಪ್ಲೇಟನ್ನು ಇಬ್ಬರು ತಿದ್ದಿದರೆ ಗಿಟ್ ಅದನ್ನು ಸೇರಿಸಿಕೊಡುವುದಿಲ್ಲ. ದೊಡ್ಡ ಫೈಲ್‌ಗಳಿಗಾಗಿ ಇರುವ ಗಿಟ್ ಎಲ್‌ಎಫ್‌ಎಸ್ ಎಂಬ ಸೇರ್ಪಡೆಯಲ್ಲಿ ಲಾಕ್ ಉಂಟು, ಆದರೆ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಒಂದೇ ರೆಪೊಸಿಟರಿಯೊಳಗೆ (ಕೋಡ್ ಭಂಡಾರದೊಳಗೆ) ಫೋಲ್ಡರ್‌ಗೊಂದು ಅನುಮತಿ ಕೊಡುವ ಸೌಕರ್ಯವೂ ಹೋಯಿತು. ದೊಡ್ಡ ದೊಡ್ಡ ಡಿಸೈನ್ ಫೈಲ್ ಇಟ್ಟುಕೊಂಡು ಎಲ್ಲರೂ ಒಂದೇ ಕಟ್ಟಡದಲ್ಲಿ ಕೂರುವ ಮಣಿಪಾಲದ ಗೆಳೆಯನಿಗೆ "ಸುಮ್ನೆ ಬದಲಾಯಿಸಬೇಡ" ಅಂತಲೇ ಹೇಳಿದ್ದೇನೆ.

ಇದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಮರ್ಕ್ಯುರಿಯಲ್ ಕೂಡ ನೋಡಿದ್ದೆವು. ಗಿಟ್‌ನಂತೆ ಅದೂ 2005ರದ್ದು, ಕಲಿಯಲು ಸುಲಭ. ಆದರೆ ಕಾಲೇಜು ಮುಗಿಸಿ ಬರುವವರಿಗೆ ಗೊತ್ತಿರುವುದು ಗಿಟ್. 2020ರಲ್ಲಿ ಕೋಡ್ ಇಟ್ಟುಕೊಳ್ಳುವ ಜಾಲತಾಣ ಬಿಟ್‌ಬಕೆಟ್ ಮರ್ಕ್ಯುರಿಯಲ್ ಬೆಂಬಲ ನಿಲ್ಲಿಸಿದಾಗ ನಮ್ಮ ಆಯ್ಕೆಯ ಬಗ್ಗೆ ಸಮಾಧಾನವಾಯಿತು.

ಬದಲಾಯಿಸುವವರು ಹಳೆಯ ರಿವಿಷನ್ ನಂಬರ್ (ಸಬ್‌ವರ್ಷನ್ ಪ್ರತಿ ಕಮಿಟ್‌ಗೆ ಕೊಡುವ ಸಂಖ್ಯೆ) ಕಳೆಯಬೇಡಿ. ಗಿಟ್-ಎಸ್‌ವಿಎನ್ ಅದನ್ನು ಕಮಿಟ್ ಸಂದೇಶದ ಕೆಳಗೆ ತಾನಾಗಿ ಬರೆದಿಡುತ್ತದೆ, ಅದನ್ನು ಆಫ್ ಮಾಡಬೇಡಿ. ನಮ್ಮ ದೂರು ಪುಸ್ತಕದಲ್ಲಿ 2011ರಲ್ಲಿ ಪೆನ್ನಿನಿಂದ "ರಿ. 2140" ಎಂದು ಬರೆದದ್ದನ್ನು ಹೋದ ತಿಂಗಳು ಗಿಟ್ ಲಾಗ್‌ನಲ್ಲಿ ಹುಡುಕಿದೆ, ಕೂಡಲೇ ಸಿಕ್ಕಿತು.