ಬದಿಯಡ್ಕ ಕಡೆಯ ಒಂದು ನಾಟಿ ಔಷಧಾಲಯ: ಕ್ಯಾನ್ಸರ್ ರೋಗಿಯ ಮನೆಯವರ ಅಭಿಪ್ರಾಯ

ಸ್ತನ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಕಿಮೋಥೆರಪಿ ಪಡೆಯುತ್ತಿರುವ ಅಕ್ಕನನ್ನು ಇಲ್ಲಿಗೆ ಕರೆದೊಯ್ಯಲು ಕಾರಣ, ಆಸ್ಪತ್ರೆಯಲ್ಲಿ ಯಾವ ಪ್ರಶ್ನೆಗೂ ಸಾವಧಾನದ ಉತ್ತರ ಸಿಗದಿದ್ದುದು. ಆ ವಿಷಯದಲ್ಲಿ ಇಲ್ಲಿಯ ಪಂಡಿತರು ನಿಜಕ್ಕೂ ಮೇಲು; ಅಕ್ಕನ ಊಟ, ನಿದ್ದೆ, ಬಾಯಿಹುಣ್ಣು, ಭಯ ಎಲ್ಲವನ್ನೂ ಗಡಿಯಾರ ನೋಡದೆ ಕೇಳಿಸಿಕೊಂಡರು.

ಔಷಧದ ಮಾತು ಬೇರೆ. ಹಳೆಯ ಶರಬತ್ತಿನ ಬಾಟಲಿಯಲ್ಲಿ ಕಪ್ಪು ಕಷಾಯ, ಅದರ ಮೇಲೆ ನೀಲಿ ಶಾಯಿಯಲ್ಲಿ ‘ಬೆಳಿಗ್ಗೆ, ರಾತ್ರಿ’ ಎಂದಷ್ಟೇ ಬರೆದ ಚೀಟಿ. ಘಟಕಗಳ ಹೆಸರಿಲ್ಲ, ತಯಾರಿಸಿದ ದಿನಾಂಕವಿಲ್ಲ, ಹಣಕ್ಕೆ ರಶೀದಿಯೂ ಇಲ್ಲ. ಏನು ಹಾಕಿದ್ದೀರೆಂದು ಅಕ್ಕ ಕೇಳಿದ್ದಕ್ಕೆ, “ಅದು ಮನೆತನದ ಗುಟ್ಟು, ತಂಗೀ” ಎಂದರು. ಕಿಮೋ ವಿಷ, ಅದನ್ನು ನಿಲ್ಲಿಸಿದರೆ ಮಾತ್ರ ಮದ್ದು ಹಿಡಿಯುತ್ತದೆ ಎಂಬ ಷರತ್ತು ಬೇರೆ. ಆದರೆ ನಮ್ಮ ಅಂಗಳದ ನಿತ್ಯಪುಷ್ಪದಿಂದ ಬರುವ ವಿನ್‌ಕ್ರಿಸ್ಟಿನ್, ಯೂ ಮರದ ತೊಗಟೆಯಲ್ಲಿ ಮೊದಲು ದೊರೆತ ಪ್ಯಾಕ್ಲಿಟ್ಯಾಕ್ಸೆಲ್ ಎರಡೂ ಕಿಮೋ ಔಷಧಗಳೇ. ಈ ಕಷಾಯಕ್ಕೂ ಅವಕ್ಕೂ ವ್ಯತ್ಯಾಸವಿರುವುದು ಅವುಗಳ ಪ್ರಮಾಣವನ್ನು ಅಳೆದು, ಪರೀಕ್ಷಿಸಿ, ಅಡ್ಡಪರಿಣಾಮಗಳನ್ನು ಬರೆದಿಟ್ಟಿರುವುದರಲ್ಲಿ. ‘ಕ್ಯಾನ್ಸರ್ ಗುಣಪಡಿಸಲಾಗುವುದು’ ಎಂಬ ಗೋಡೆಯ ಫಲಕವಂತೂ ಇಂಥ ಜಾಹೀರಾತನ್ನು ನಿಷೇಧಿಸಿರುವ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಗೆ ನೇರ ವಿರುದ್ಧ.

ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸುರಿಸಿಕೊಂಡ ಜಿಲ್ಲೆ ನಮ್ಮ ಕಾಸರಗೋಡು. ‘ಸುರಕ್ಷಿತ’ ಎಂಬ ಅಧಿಕೃತ ಮಾತನ್ನು ಇಲ್ಲಿಯವರು ಸಂಶಯಿಸುವುದು ಸಹಜ. ಅದೇ ಸಂಶಯವನ್ನು ಈ ಬಾಟಲಿಯ ಮೇಲೂ ಇಡಬೇಕಾಗುತ್ತದೆ.

ಆಹಾರದ ಸಲಹೆಗಾದರೆ ಹೋಗಬಹುದು, ಅದನ್ನೂ ಕ್ಯಾನ್ಸರ್ ವೈದ್ಯರಿಗೆ ತಿಳಿಸಿಯೇ. ಚಿಕಿತ್ಸೆಯ ಬಗ್ಗೆ ಎರಡನೆಯ ಅಭಿಪ್ರಾಯ ಬೇಕಾದವರು ಬಯಾಪ್ಸಿ (ಗಡ್ಡೆಯ ತುಣುಕಿನ ಪರೀಕ್ಷೆ) ವರದಿ, ಅದರ ಸ್ಲೈಡುಗಳೊಂದಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ವಿಚಾರಿಸುವುದು ಲೇಸು.