ಪ್ಲೈವುಡ್ ಕೆಲಸದ ಮೇಜು: ಮನೆಯ ಸಿಎನ್‌ಸಿಯೋ, ಆಚಾರ್ರ ಕೈಯೋ, ದೊಡ್ಡ ಮೆಷಿನ್ನೋ?

ಹೋದ ವರ್ಷ ಮಳೆ ಹಿಡಿಯುವ ಮೊದಲು ಒಂದೇ ನಕ್ಷೆ ಇಟ್ಟುಕೊಂಡು ಮೂರು ಕೆಲಸದ ಮೇಜು ಮಾಡಿದೆ. ಒಂದು ನನ್ನ ಶೆಡ್ಡಿಗೆ, ಒಂದು ಪಂಪ್‌ಸೆಟ್ ರಿಪೇರಿ ಮಾಡುವ ಭಾವನಿಗೆ, ಇನ್ನೊಂದು ಗೆಳೆಯನ ಗ್ಯಾರೇಜಿಗೆ. ಮೊದಲನೆಯದನ್ನು ಮನೆಯ ಸಣ್ಣ ಸಿಎನ್‌ಸಿ ರೂಟರಿನಲ್ಲೇ, ಅಂದರೆ ಕಂಪ್ಯೂಟರ್ ಫೈಲಿನಂತೆ ತಾನೇ ಓಡಿ ಕತ್ತರಿಸುವ ಮೆಷಿನ್ನಿನಲ್ಲೇ, ಕತ್ತರಿಸಿದೆ. ಎರಡನೆಯದನ್ನು ಪಕ್ಕದ ಬೀದಿಯ ಆಚಾರ್ರ ಜೊತೆ ಕೂತು ಸರ್ಕ್ಯುಲರ್ ಸಾ, ಕೈಯಲ್ಲಿ ಹಿಡಿದು ಕೊರೆಯುವ ಟ್ರಿಮ್ ರೂಟರ್, ಉಳಿ ಹಿಡಿದು ಮಾಡಿದೆವು. ಮೂರನೆಯದರ ಫೈಲನ್ನು, ಎಂಟು-ನಾಲ್ಕಡಿ ಶೀಟು ಇಡಿಯಾಗಿ ಮಲಗುವ ದೊಡ್ಡ ಮೆಷಿನ್ ಇರುವ ಜಾಬ್‌ವರ್ಕ್ ಅಂಗಡಿಗೆ ಕೊಟ್ಟೆ.

ನಕ್ಷೆ ಹೀಗಿತ್ತು: ಆರಡಿ ಉದ್ದ, ಎರಡಡಿ ಅಗಲ, ನಿಂತು ಕೆಲಸ ಮಾಡುವ ಎತ್ತರ. ಮೇಲ್ಭಾಗಕ್ಕೆ 18 ಮಿ.ಮೀ. ಪ್ಲೈವುಡ್ ಎರಡು ಪದರ, ಕಾಲಿಗೆ ಮೂರು ಪದರ ಅಂಟಿಸಿದ್ದು. ಮೇಲೆ 20 ಮಿ.ಮೀ. ತೂತುಗಳು, ಒಂದಕ್ಕೊಂದು 96 ಮಿ.ಮೀ. ದೂರ, ಒಟ್ಟು 72. ಕ್ಲಾಂಪು ಸಿಕ್ಕಿಸುವುದಕ್ಕೆ, ಗೂಟ ನಿಲ್ಲಿಸಿ ಹಲಗೆಯನ್ನು ಮೂಲೆಮಟ್ಟಕ್ಕೆ ಕೂರಿಸುವುದಕ್ಕೆ ಈ ತೂತುಗಳೇ ಆಧಾರ. ಎರಡು ಶೀಟಿನಲ್ಲಿ ಇಷ್ಟೂ ಆಗುತ್ತದೆ.

ನನ್ನ ಮೆಷಿನ್ನಿನ ಕೆಲಸದ ಜಾಗ 600 x 400 ಮಿ.ಮೀ. ಇದಕ್ಕಿಂತ ಸಣ್ಣದಾದ 3018 ಅನ್ನುವವು 300 x 180ರಷ್ಟೇ, ಅದರಲ್ಲಿ ಮೇಜಿನ ಯೋಚನೆಯೇ ಬೇಡ. 600ರಲ್ಲೂ 850 ಮಿ.ಮೀ. ಕಾಲು ಒಂದೇ ತುಂಡಾಗಿ ಬರುವುದಿಲ್ಲ. ಹಾಗಾಗಿ ಪ್ರತಿ ಪದರವನ್ನೂ ಎರಡು ತುಂಡು ಮಾಡಿ, ಒಂದು ಪದರದ ಸೇರುವೆ ಇನ್ನೊಂದು ಪದರದ ಸೇರುವೆಯ ಮೇಲೆ ಬಾರದ ಹಾಗೆ, ಇಟ್ಟಿಗೆ ಕಟ್ಟುವಂತೆ ಜೋಡಿಸಿದೆ. ಅಂಟು ಒಣಗಿದ ಮೇಲೆ ಅದು ಒಂದೇ ಕಾಲು. ವರ್ಷವಾಯಿತು, ಒಂದು ಸೇರುವೆಯೂ ಬಾಯಿ ಬಿಟ್ಟಿಲ್ಲ.

ಮೇಲ್ಭಾಗದ್ದು ಬೇರೆ ಕಷ್ಟ. ಎರಡಡಿ ಅಗಲದ ಹಲಗೆ, ಕತ್ತರಿಸುವ ಮೋಟರನ್ನು ಹೊತ್ತು ಓಡುವ ಚೌಕಟ್ಟಿನ, ಅಂದರೆ ಗ್ಯಾಂಟ್ರಿಯ, ಎರಡು ಕಂಬಗಳ ನಡುವೆ ನುಗ್ಗುವುದಿಲ್ಲ. ಅದಕ್ಕೇ ಮೇಲ್ಭಾಗವನ್ನು 290 ಮಿ.ಮೀ. ಅಗಲದ ಎರಡು ಹಲಗೆ ಮಾಡಿ ನಡುವೆ ಸಂದು ಬಿಟ್ಟೆ. ಉದ್ದಕ್ಕೆ ಹಲಗೆಯನ್ನು ಸರಿಸುತ್ತಾ ನಾಲ್ಕು ಸುತ್ತಿನಲ್ಲಿ ಕೊರೆಯಬೇಕಿತ್ತು. ಸರಿಸುವಾಗ ಅಳತೆ ತಪ್ಪದಿರಲು ಮೆಷಿನ್ನಿನ ತಳದ ಹಲಗೆಯಲ್ಲಿ ಎರಡು ಗೂಟ ನಿಲ್ಲಿಸಿದೆ. ಮೊದಲ ಸುತ್ತಿನಲ್ಲಿ ಕೊರೆದ ತೂತನ್ನು ಗೂಟಕ್ಕೆ ಇಳಿಸಿದರೆ ಹಲಗೆ ಸರಿಯಾಗಿ 480 ಮಿ.ಮೀ. ಮುಂದೆ ಕೂತಿರುತ್ತದೆ, ಅಂದರೆ ಐದು ತೂತಿನ ದೂರ. ಮೊದಲ ಪ್ರಯತ್ನದಲ್ಲಿ ಗೂಟದ ಜಾಗವನ್ನು ನಾನೇ ಸ್ಕೇಲಿಟ್ಟು ಗುರುತು ಮಾಡಿದ್ದೆ. ನಾಲ್ಕನೇ ಸುತ್ತು ಮುಗಿದ ಮೇಲೆ ದಾರ ಎಳೆದು ನೋಡಿದರೆ ತೂತಿನ ಸಾಲು ಅರ್ಧ ನೂಲು, ಅಂದರೆ ಸುಮಾರು ಒಂದೂವರೆ ಮಿ.ಮೀ., ಪಕ್ಕಕ್ಕೆ ಬಾಗಿತ್ತು. ಗೂಟಗಳ ಸಾಲು ಮೆಷಿನ್ನಿನ ಓಟಕ್ಕೆ ಸಮಾನಾಂತರವಾಗಿರಲಿಲ್ಲ, ಆ ಚೂರು ವ್ಯತ್ಯಾಸ ಪ್ರತಿ ಸಲ ಕೂಡುತ್ತಾ ಹೋಗಿತ್ತು. ಆಮೇಲೆ ಗೂಟದ ತೂತನ್ನೂ ಮೆಷಿನ್ನಿನಿಂದಲೇ ಕೊರೆಸಿದೆ. ಅದು ತಾನು ಓಡುವ ದಾರಿಯಲ್ಲೇ ಕೊರೆಯುವುದರಿಂದ ಸಾಲು ತಪ್ಪುವ ಮಾತೇ ಬರಲಿಲ್ಲ. ಎರಡನೇ ಹಲಗೆಯ ಸಾಲು ಈ ತುದಿಯಿಂದ ಆ ತುದಿಗೆ ದಾರದ ಕೆಳಗೆ ನೇರ ನಿಂತಿತು.

ಹೊತ್ತು ಮಾತ್ರ ಬಹಳ ಹಿಡಿಯಿತು. ಸಣ್ಣ ಮೆಷಿನ್ನಿನ ಮೈ ಗಟ್ಟಿಯಿಲ್ಲ, 6 ಮಿ.ಮೀ. ಬಿಟ್ಟಿನಲ್ಲಿ (ತಿರುಗುತ್ತಾ ಕತ್ತರಿಸುವ ಅಲಗು) ಒಂದು ಸಲಕ್ಕೆ 2 ಮಿ.ಮೀ.ಗಿಂತ ಆಳ ಇಳಿಸಿದರೆ ಗ್ಯಾಂಟ್ರಿ ನಡುಗುತ್ತದೆ, ಅಂಚು ಅಲೆಅಲೆಯಾಗುತ್ತದೆ. ನಿಮಿಷಕ್ಕೆ 1200 ಮಿ.ಮೀ. ವೇಗದಲ್ಲಿ ಒಂದೇ ಗೆರೆಯ ಮೇಲೆ ಒಂಬತ್ತು ಸಲ ಓಡಿದರೆ ಒಂದು ತುಂಡು ಬಿಡಿಸಿಕೊಳ್ಳುತ್ತದೆ. ಬರೀ ಕತ್ತರಿಸುವುದಕ್ಕೇ ಹನ್ನೊಂದು ಗಂಟೆ ಹೋಯಿತು. ನಡುವೆ ಕರೆಂಟು ಬೇರೆ. ನಾನು ಗ್ಯಾಂಟ್ರಿಯನ್ನು ಓಡಿಸುವ ಕಂಟ್ರೋಲರನ್ನು ಮಾತ್ರ ಇನ್ವರ್ಟರಿಗೆ ಹಾಕಿದ್ದೆ, ಬಿಟ್ಟನ್ನು ತಿರುಗಿಸುವ ಮೋಟರು, ಅಂದರೆ ಸ್ಪಿಂಡಲ್, ನೇರ ಲೈನಿನಲ್ಲಿತ್ತು. ಕರೆಂಟು ಹೋದಾಗ ಸ್ಪಿಂಡಲ್ ನಿಂತಿತು, ಗ್ಯಾಂಟ್ರಿ ಮುಂದೆ ಹೋಗುತ್ತಲೇ ಇತ್ತು. ತಿರುಗದ ಬಿಟ್ಟು ಮರಕ್ಕೆ ಒತ್ತಿ ಟಕ್ ಅಂತ ಮುರಿಯಿತು. ಎರಡನ್ನೂ ಇನ್ವರ್ಟರಿಗೆ ಹಾಕಿ, ಇಲ್ಲವೇ ಎರಡನ್ನೂ ಹಾಕಬೇಡಿ.

ಬಿಟ್ಟಿನ ಬಗ್ಗೆಯೂ ಒಂದು ಮಾತು. ಹೊಟ್ಟನ್ನು ಮೇಲಕ್ಕೆ ಎತ್ತುವ ಅಪ್‌ಕಟ್ ಬಿಟ್ಟು ಮೇಲಿನ ಪದರದಲ್ಲಿ ಸಿಬುರು ಏಳಿಸುತ್ತದೆ. ಕೆಳಕ್ಕೆ ಒತ್ತುವ ಡೌನ್‌ಕಟ್ಟಿನಲ್ಲಿ ಮೇಲ್ಮೈ ಚೆಂದ ಬರುತ್ತದೆ, ಆದರೆ ಹೊಟ್ಟು ಗೆರೆಯಲ್ಲೇ ತುಂಬಿಕೊಂಡು ಸುಟ್ಟ ವಾಸನೆ ಬರುತ್ತದೆ, ವ್ಯಾಕ್ಯೂಮ್ ಹಿಡಿದು ನಿಲ್ಲಬೇಕು. ಎರಡೂ ಸೇರಿರುವ ಕಂಪ್ರೆಷನ್ ಬಿಟ್ಟು ಪ್ಲೈವುಡ್ಡಿಗೆ ಒಳ್ಳೆಯದು ಅಂತ ಕೇಳಿ ತಂದೆ, ಅದು ನನಗೆ ದಂಡವಾಯಿತು. ಅದರ ತುದಿಯ ಭಾಗ ಅಪ್‌ಕಟ್. ಮೊದಲ ಸಲವೇ ಆ ಭಾಗ ಪೂರ್ತಿ ಮುಳುಗುವಷ್ಟು ಆಳ ಇಳಿಸಿದರೆ ಮಾತ್ರ ಮೇಲಂಚು ಶುದ್ಧ ಬರುವುದು. 2 ಮಿ.ಮೀ. ಇಳಿಯುವ ಮೆಷಿನ್ನಿಗೆ ಅದು ಮಾಮೂಲಿ ಅಪ್‌ಕಟ್ಟೇ. ಸಣ್ಣ ಮೆಷಿನ್ನಿಗೆ ಡೌನ್‌ಕಟ್ ತನ್ನಿ.

ಇನ್ನು ಆಚಾರ್ರ ಮೇಜು. ಶೀಟಿನ ಚೆಂದದ ಮುಖವನ್ನು ಕೆಳಗೆ ಮಾಡಿ, ಕತ್ತರಿಸುವ ಗೆರೆಗೆ ಟೇಪು ಅಂಟಿಸಿ, ನೇರ ಪಟ್ಟಿಯೊಂದನ್ನು ಕ್ಲಾಂಪು ಮಾಡಿ ಸಾ ಓಡಿಸಿದೆವು. ಸರ್ಕ್ಯುಲರ್ ಸಾ ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತದೆ, ಸಿಬುರು ಏಳುವುದು ಮೇಲ್ಮುಖದಲ್ಲೇ. ಊಟದ ಹೊತ್ತಿಗೆ ಎರಡೂ ಶೀಟು ತುಂಡಾಗಿ ಗೋಡೆಗೆ ಒರಗಿದ್ದವು. ನನ್ನ ಮೆಷಿನ್ನಿನ ಹನ್ನೊಂದು ಗಂಟೆಯ ಕೆಲಸ ಮೂರು ಗಂಟೆಯೊಳಗೆ ಮುಗಿದಿತ್ತು.

ಕಾಲಿಗೆ ಅಡ್ಡಪಟ್ಟಿ ಕೂರುವ ಕಚ್ಚನ್ನು ರೂಟರಿನಲ್ಲಿ ಕೊರೆಯಲು ನಾನು ಟೆಂಪ್ಲೇಟು ಮಾಡುತ್ತಿದ್ದೆ. ಆಚಾರ್ರು ತಡೆದರು. "ಕೊರೆಯೋದು ಯಾಕೆ ಮಾರಾಯ, ಮಧ್ಯದ ಪದರವನ್ನು ಅಲ್ಲಿ ಬಿಟ್ಟುಬಿಡು, ಕಚ್ಚು ತಾನಾಗೇ ಆಗ್ತದೆ." ಅಡ್ಡಪಟ್ಟಿಯ ತುಂಡನ್ನೇ ನಡುವೆ ಇಟ್ಟು, ಅದರ ಎರಡೂ ಪಕ್ಕಕ್ಕೆ ಮಧ್ಯದ ಪದರದ ತುಂಡುಗಳನ್ನು ಒತ್ತಿ ಅಂಟಿಸಿದರು. ಅಂಟು ಹಿಡಿಯುವ ಮೊದಲು ಪಟ್ಟಿಯನ್ನು ಎಳೆದು ತೆಗೆದರು. ಎಲ್ಲೂ ಒಂದು ಅಳತೆ ಬರೆಯಲಿಲ್ಲ. ಮಾರನೆಯ ದಿನ ಪಟ್ಟಿಯನ್ನು ಕೈಯಲ್ಲೇ ತಳ್ಳಿದಾಗ ಕಿರ್ ಅಂತ ಸದ್ದು ಮಾಡುತ್ತಾ ಒಳಗೆ ಹೋಯಿತು, ಎತ್ತಿದರೆ ಕಾಲೂ ಜೊತೆಗೇ ಎದ್ದುಬಂತು.

ಪ್ಲೈವುಡ್ ವಿಷಯದಲ್ಲಿ ಇದು ದೊಡ್ಡ ವ್ಯತ್ಯಾಸ. 18 ಅಂತ ಬರೆದಿರುವ ಶೀಟು 18 ಇರುವುದಿಲ್ಲ. ನಾನು ತಂದ ಒಂದು ಶೀಟಿನ ಒಂದು ಮೂಲೆಯಲ್ಲಿ ವರ್ನಿಯರ್ 17.4 ತೋರಿಸಿತು, ಎದುರು ಮೂಲೆಯಲ್ಲಿ 17.9. ಮೆಷಿನ್ನಿಗೆ ಒಂದು ಅಂಕಿ ಕೊಡಲೇಬೇಕು. 17.9 ಕೊಟ್ಟರೆ ಒಂದು ಪಟ್ಟಿ ಬಿಗಿಯಾಗಿ ಕೂತು ಇನ್ನೊಂದು ಲೊಡಲೊಡ ಅನ್ನುತ್ತದೆ. ಕೊನೆಗೆ ಬೇರೆ ಚೂರಿನಲ್ಲಿ 17.5, 17.7, 17.9ರ ಮೂರು ಕಚ್ಚು ಹಾಕಿಟ್ಟುಕೊಂಡು, ಪ್ರತಿ ಪಟ್ಟಿಯನ್ನೂ ಅದರಲ್ಲಿ ಕೂರಿಸಿ ನೋಡಿ, ಅದಕ್ಕೆ ತಕ್ಕ ಫೈಲು ಓಡಿಸಿದೆ. ಆಚಾರ್ರ ಕ್ರಮದಲ್ಲಿ ಮರವೇ ಮರವನ್ನು ಅಳೆಯುತ್ತದೆ. ಮೆಷಿನ್ನಿನಲ್ಲಿ ಮಾಡುವವರು ದಪ್ಪ ಸಮ ಮಾಡಿ ಉಜ್ಜಿದ ಕ್ಯಾಲಿಬ್ರೇಟೆಡ್ ಶೀಟಿಗೇ ಹಣ ಹಾಕುವುದು ಒಳ್ಳೆಯದು. ಒಳಗೆ ಪೊಳ್ಳಿರುವ ಅಗ್ಗದ ಶೀಟಂತೂ ಬೇಡ, ಬಿಟ್ಟು ಅಲ್ಲಿಗೆ ಬಂದಾಗ ಸದ್ದೇ ಬದಲಾಗುತ್ತದೆ, ಒಳಗಿನ ಸಡಿಲ ಚಕ್ಕೆ ಹಾರುತ್ತದೆ. ಮಲೆನಾಡಿನ ಮಳೆಗೆ ನಾನು ಐಎಸ್ 710 ಮುದ್ರೆಯ ಮರೈನ್ ಪ್ಲೈ ಹಾಕಿದೆ.

ಆಚಾರ್ರ ಮೇಜು ಸೋತದ್ದು ತೂತಿನಲ್ಲಿ. 72 ತೂತು ಗುರುತು ಮಾಡಿ ಡ್ರಿಲ್ಲಿನಲ್ಲಿ ಕೊರೆಯುವಾಗ ಎಷ್ಟು ಎಚ್ಚರ ವಹಿಸಿದರೂ ಅಲ್ಲಲ್ಲಿ ಒಂದು ಮಿ.ಮೀ. ಅತ್ತಿತ್ತ ಆಯಿತು. ಕ್ಲಾಂಪು ಹಾಕಲು ತೊಂದರೆಯಿಲ್ಲ. ಗೂಟ ನಿಲ್ಲಿಸಿ ಮೂಲೆಮಟ್ಟ ನೋಡಿದರೆ ಬೆಳಕು ಕಾಣುತ್ತದೆ. ನನ್ನ ಮೆಷಿನ್ ಒಂದು ತೂತಿಗೆ ಮುಕ್ಕಾಲು ನಿಮಿಷ ತೆಗೆದುಕೊಂಡಿತು, ಆದರೆ ಯಾವ ಎರಡು ಗೂಟಕ್ಕೆ ಪಟ್ಟಿ ಒರಗಿಸಿದರೂ ಮೂಲೆ ಮೂಲೆಯೇ. ಒಂದು ಸೂಚನೆ: ಅಂಚನ್ನಷ್ಟೇ ಸುತ್ತಿಸಿದರೆ ನಡುವೆ ಬಿಲ್ಲೆ ಉಳಿದು ಬಿಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಒಳಗಿನದನ್ನೂ ಪೂರ್ತಿ ಕೆರೆಸಿ. ಕೆಳಗಿನ ಪದರಕ್ಕೆ ಮತ್ತೆ ಮೆಷಿನ್ ಬೇಡ. ಅಂಟಿಸಿದ ಮೇಲೆ ಬೇರಿಂಗ್ ಇರುವ ಬಿಟ್ಟು ಹಾಕಿದ ಟ್ರಿಮ್ ರೂಟರ್ ಮೇಲಿನ ತೂತನ್ನೇ ಹಿಡಿದು ಇಳಿಯುತ್ತದೆ.

ದೊಡ್ಡ ಅಂಗಡಿಯದ್ದು ಬೇಗ ಹೇಳಿ ಮುಗಿಸಬಹುದು. ಅಂಚು ಗಾಜಿನ ಹಾಗೆ ಬಂತು, ಎರಡು ಶೀಟೂ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಆದರೆ ತಿರುಗುವ ಬಿಟ್ಟು ಒಳಮೂಲೆಯನ್ನು ದುಂಡಗೆ ಬಿಡುತ್ತದೆ. ಚೌಕದ ಪಟ್ಟಿ ಕೂರಲೆಂದು ನಾನು ಮೂಲೆಮೂಲೆಗೂ ನಾಯಿಮೂಳೆಯ ಆಕಾರದ ಕಿವಿ ಬರೆದಿದ್ದೆ. ಆಪರೇಟರ್ ಅದನ್ನು ನಕ್ಷೆಯ ತಪ್ಪು ಅಂದುಕೊಂಡು ಅಳಿಸಿಬಿಟ್ಟಿದ್ದ. ಮೂವತ್ತೆರಡು ಮೂಲೆಗಳನ್ನು ಉಳಿಯಲ್ಲಿ ಬಿಡಿಸಿದೆ. ಅಂಗಡಿಗೆ ಕೊಡುವವರು ಫೈಲಿನ ಜೊತೆ ಒಂದು ಚೂರು ಪ್ಲೈಯಲ್ಲಿ ಸೇರುವೆಯ ಮಾದರಿಯನ್ನೂ ಕೊಟ್ಟು, ಅವರ ಕಣ್ಣೆದುರೇ ಕೂರಿಸಿ ತೋರಿಸಿ ಬನ್ನಿ.

ಯಾವುದು ಅಂತ ಕೇಳಿದರೆ, ಒಂದೇ ಮೇಜು ಬೇಕಾದವರು ಆಚಾರ್ರ ದಾರಿ ಹಿಡಿಯಿರಿ. ಎಂಟು-ನಾಲ್ಕರ ಶೀಟನ್ನು ಸಣ್ಣ ಮೆಷಿನ್ನಿಗೆ ಹತ್ತಿಸಬೇಕಾದರೂ ಮೊದಲು ಗರಗಸದಲ್ಲಿ ಸೀಳಲೇಬೇಕು. ಸೀಳಿ ಆದ ಮೇಲೆ ಅದೇ ನೇರ ಅಂಚನ್ನು ಮತ್ತೆ ಒಂಬತ್ತು ಸಲ ಮೆಷಿನ್ನಿನಿಂದ ಕೆರೆಸುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಸಣ್ಣ ಮೆಷಿನ್ ಇದ್ದರೆ ಅದಕ್ಕೆ ತೂತಿನ ಕೆಲಸ ಕೊಡಿ, ಅದರಲ್ಲಿ ಅದನ್ನು ಮೀರಿಸುವ ಕೈ ನಾನು ಕಂಡಿಲ್ಲ. ಐದಾರು ಮೇಜು ಒಟ್ಟಿಗೆ ಬೇಕಾದರಷ್ಟೇ ದೊಡ್ಡ ಅಂಗಡಿ.

ಆಚಾರ್ರು ಈಗ ತಮ್ಮ ಅಂಗಡಿಗೂ ಒಂದು ಮೇಜು ಬೇಕು ಅಂದಿದ್ದಾರೆ. ಕಾಲು, ಅಡ್ಡಪಟ್ಟಿ ಅವರದ್ದು. ಮೇಲಿನ ಎರಡು ಹಲಗೆ ಸೀಳಿ ನನ್ನ ಶೆಡ್ಡಿಗೆ ಕಳಿಸಿದ್ದಾರೆ, ಭಾನುವಾರ ಗೂಟಕ್ಕೆ ಇಳಿಸಬೇಕು.